ತತ್ತ್ವಪದವೂ ರಾಕ್ ಗೀತಸಂಪುಟವೂ: ಕೊಪ್ಪಳ ಸೀಮೆಯ ದೃಷ್ಟಿಯಿಂದ ಒಂದು ವಿವೇಚನೆ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗಳ ಹಳ್ಳಿಗಳಲ್ಲಿ ಅಮಾವಾಸ್ಯೆಯ ರಾತ್ರಿ ಗುಡಿಯ ಕಟ್ಟೆಯ ಮೇಲೆಯೋ ಮಠದ ಪಡಸಾಲೆಯಲ್ಲಿಯೋ ನಡೆಯುವ ಭಜನೆಗಳಲ್ಲಿ ಶಿಶುನಾಳ ಶರೀಫರ ಪದಗಳು ಬಹುಕಾಲದಿಂದ ಹಾಡಲ್ಪಡುತ್ತ ಬಂದಿವೆ. ಆದರೆ ಇಂದು ಕಾಲೇಜಿನ ಮೆಟ್ಟಿಲು ಹತ್ತುವ ವಿದ್ಯಾರ್ಥಿಗಳಲ್ಲಿ ಹಲವರು ಅವೇ ಪದಗಳನ್ನು ಮೊತ್ತಮೊದಲು ಕೇಳುವುದು ವಿದ್ಯುತ್ ಗಿಟಾರು, ಡ್ರಮ್ ಸೆಟ್ಟುಗಳ ನಾದದ ನಡುವೆ. ೨೦೦೮ರಲ್ಲಿ ಹೊರಬಂದ ರಘು ದೀಕ್ಷಿತರ ಗೀತಸಂಪುಟದಲ್ಲಿ ಶರೀಫರ ಎರಡು ಪದಗಳು ಸೇರಿದ್ದು ಇದಕ್ಕೆ ಒಂದು ಮುಖ್ಯ ಕಾರಣವೆನ್ನಬಹುದು. ಇದನ್ನು ಕುರಿತು ಅಧ್ಯಾಪಕರಲ್ಲಿ ಎರಡು ಬಗೆಯ ಮಾತು ಕೇಳಿಬರುವುದುಂಟು. ಅನುಭಾವದ ಪದಕ್ಕೆ ಪರದೇಶದ ಗದ್ದಲವನ್ನು ಬೆರೆಸಿ ಕೆಡಿಸಿದರೆಂಬುದು ಒಂದು; ಹೇಗೋ ಹುಡುಗರ ಕಿವಿಗೆ ಶರೀಫರ ಹೆಸರು ಬಿತ್ತಲ್ಲ, ಅಷ್ಟೇ ಸಾಕೆಂಬುದು ಇನ್ನೊಂದು. ಈ ಎರಡು ಮಾತುಗಳೂ ಹಾಡನ್ನು ಸರಿಯಾಗಿ ಕೇಳದೆ ಆಡಿದವೆಂದು ನಮ್ಮ ಅಭಿಪ್ರಾಯ. ಬೆರಕೆ ಎಂಬುದು ಇಲ್ಲಿ ದೋಷವೂ ಅಲ್ಲ, ಗುಣವೂ ಅಲ್ಲ. ಬೆರಕೆಯಾದಾಗ ಪದದ ನಡೆ ಏನಾಯಿತು, ಹಾಡುವವರ ಗುಂಪು ಏನಾಯಿತು, ಮಾತಿನ ಅರ್ಥ ಎಲ್ಲಿಗೆ ಹೋಯಿತು ಎಂಬುದನ್ನು ನೋಡಬೇಕು. ಅದಕ್ಕೆ ಮೊದಲು ಈ ಸಂಗೀತದ ರಚನೆಯನ್ನು ಸ್ವಲ್ಪ ತಿಳಿದುಕೊಳ್ಳುವುದು ಅವಶ್ಯಕ.

ಆಲ್ಬಂ ಎಂಬ ಮಾತಿಗೆ ನಾವು ಇಲ್ಲಿ ಗೀತಸಂಪುಟವೆಂಬ ಪದವನ್ನು ಬಳಸುತ್ತಿದ್ದೇವೆ. ಮಿನಿಟಿಗೆ ೭೮ ಸುತ್ತು ತಿರುಗುವ ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಲ್ಲಿ ಸುಮಾರು ಮೂರು ನಾಲ್ಕು ಮಿನಿಟುಗಳ ಹಾಡು ಮಾತ್ರ ಹಿಡಿಯುತ್ತಿತ್ತು. ದೀರ್ಘವಾದ ಕೃತಿಯಿದ್ದಲ್ಲಿ ಹಲವು ತಟ್ಟೆಗಳನ್ನು ಚಿತ್ರಪಟಗಳ ಪುಸ್ತಕದಂತಹ ಹೊದಿಕೆಯಲ್ಲಿ ಸೇರಿಸಿ ಮಾರುತ್ತಿದ್ದರು. ಹೆಸರು ಬಂದದ್ದು ಅಲ್ಲಿಂದ. ೧೯೪೮ರಲ್ಲಿ ಅಮೆರಿಕದ ಕೊಲಂಬಿಯ ಸಂಸ್ಥೆ ದೀರ್ಘಾವಧಿಯ ತಟ್ಟೆಯನ್ನು ಹೊರತಂದ ಮೇಲೆ ಒಂದು ಮಗ್ಗುಲಿಗೆ ಇಪ್ಪತ್ತು ಮಿನಿಟುಗಳಿಗೂ ಹೆಚ್ಚಿನ ಅವಕಾಶ ದೊರೆಯಿತು. ಹಾಡುಗಳನ್ನು ಒಂದು ಕ್ರಮದಲ್ಲಿಟ್ಟು, ಒಂದರ ನೆರಳು ಮತ್ತೊಂದರ ಮೇಲೆ ಬೀಳುವಂತೆ ಮಾಡುವ ಕಲೆ ಆಗ ಬೆಳೆಯಿತು. ಬೇರೆ ಬೇರೆ ಶೈಲಿಗಳ ಬೆರಕೆಗೂ ಈ ವಿಸ್ತಾರವೇ ಎಡೆಮಾಡಿಕೊಟ್ಟಿತು.

ರಾಕ್ ಸಂಗೀತದ ಮೈಕಟ್ಟು ಸರಳ: ವಿದ್ಯುತ್ ಗಿಟಾರು, ಮಂದ್ರದ ಬೇಸ್ ಗಿಟಾರು, ಡ್ರಮ್ ಸೆಟ್ಟು, ಕಂಠ. ಹೆವಿ ಮೆಟಲ್ ಇದರ ಗಡುಸಾದ ಕವಲು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆಗಳ ಪಟ್ಟಣದ ಬ್ಲ್ಯಾಕ್ ಸಬ್ಬತ್ ಮೇಳದವರು ೧೯೭೦ರ ಫೆಬ್ರುವರಿಯಲ್ಲಿ ಹೊರತಂದ ಮೊದಲ ಸಂಪುಟದಿಂದ ಈ ಕವಲಿನ ಲೆಕ್ಕ ಹಿಡಿಯುವುದು ವಾಡಿಕೆ. ಆ ಮೇಳದ ಗಿಟಾರುವಾದಕ ಟೋನಿ ಅಯೋಮಿ ಹದಿನೇಳನೆಯ ವಯಸ್ಸಿನಲ್ಲಿ ತಗಡಿನ ಕಾರ್ಖಾನೆಯೊಂದರಲ್ಲಿ ಬಲಗೈಯ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡಿದ್ದನು. ಎಡಚನಾದ ಅವನು ತಂತಿಯನ್ನು ಒತ್ತಿಹಿಡಿಯುತ್ತಿದ್ದುದು ಅದೇ ಬಲಗೈಯಿಂದ. ಪ್ಲಾಸ್ಟಿಕ್ಕನ್ನು ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡು, ತೆಳುವಾದ ತಂತಿಗಳನ್ನು ಕಟ್ಟಿ, ಮುಂದೆ ೧೯೭೧ರ ಸಂಪುಟದ ಹೊತ್ತಿಗೆ ಗಿಟಾರನ್ನು ಮೂರು ಸ್ವರಸ್ಥಾನಗಳಷ್ಟು ಕೆಳಕ್ಕಿಳಿಸಿ ಶ್ರುತಿಮಾಡಿಕೊಂಡನು. ಸಡಿಲಗೊಂಡ ತಂತಿ ಬೆರಳಿಗೆ ಹಿತವಾಯಿತು, ನಾದವೂ ಭಾರವಾಯಿತು. ಮೊದಲ ಸಂಪುಟದ ಹೆಸರಿನದೇ ಆದ ಹಾಡಿನಲ್ಲಿ ಷಡ್ಜದ ಎದುರಿಗೆ ಪ್ರತಿಮಧ್ಯಮವನ್ನು ಬೆತ್ತಲೆಯಾಗಿ ನಿಲ್ಲಿಸಿ ಭಯವನ್ನು ಹುಟ್ಟಿಸಿದ ಉಪಾಯವೂ ಅವನದೇ. ಕಲ್ಯಾಣಿಯಲ್ಲಿ ನಮಗೆ ಮಂಗಳಕರವಾಗಿ ಕೇಳುವ ಸ್ವರ ಅಲ್ಲಿ ದೆವ್ವದ ಸ್ವರವೆನಿಸಿತು! ಸ್ವರಕ್ಕೆ ತನ್ನದೇ ಭಾವವಿಲ್ಲ, ಸಹವಾಸದಿಂದ ಬರುತ್ತದೆಂಬುದಕ್ಕೆ ಇದೊಂದು ನಿದರ್ಶನ.

ಈ ಭಾರವಾದ ನಾದದ ಗುಟ್ಟು ಧ್ವನಿವಿಜ್ಞಾನಕ್ಕೆ ಸೇರಿದುದು. ಧ್ವನಿವರ್ಧಕವು ತನ್ನ ಶಕ್ತಿಯನ್ನು ಮೀರಿದ ಸಂಕೇತವನ್ನು ಪಡೆದಾಗ ಧ್ವನಿತರಂಗದ ಶಿಖರಗಳನ್ನು ಪೂರ್ತಿಯಾಗಿ ತೋರಿಸಲಾರದೆ ತಲೆ ಕತ್ತರಿಸಿಬಿಡುತ್ತದೆ. ಹೀಗೆ ಮೊಟಕಾದ ತರಂಗದಲ್ಲಿ ಮೂಲಸ್ವರದೊಡನೆ ಅನೇಕ ಮೇಲ್ಸ್ವರಗಳು ಹುಟ್ಟುತ್ತವೆ. ಎರಡು ಸ್ವರಗಳನ್ನು ಕೂಡಿ ನುಡಿಸಿದರೆ ಅವುಗಳ ಕಂಪನಸಂಖ್ಯೆಗಳ ಮೊತ್ತ ಮತ್ತು ವ್ಯತ್ಯಾಸಗಳಿಗೆ ಸರಿಯಾದ ಹೊಸ ಸ್ವರಗಳೂ ಕೇಳುತ್ತವೆ. ಷಡ್ಜಕ್ಕೆ ಸೆಕೆಂಡಿಗೆ ೨೦೦ ಕಂಪನಗಳಿದ್ದರೆ ಪಂಚಮಕ್ಕೆ ೩೦೦. ಇವುಗಳ ವ್ಯತ್ಯಾಸ ೧೦೦, ಅಂದರೆ ಮಂದ್ರ ಷಡ್ಜ. ಯಾರೂ ನುಡಿಸದಿದ್ದ ಮಂದ್ರ ಷಡ್ಜವು ತಾನಾಗಿ ಅಡಿಯಲ್ಲಿ ಗುಡುಗುತ್ತದೆ. ಅಂತರ ಗಾಂಧಾರವನ್ನೂ ಸೇರಿಸಿದರೆ ಈ ಸೊಗಸು ಉಳಿಯುವುದಿಲ್ಲ. ಗಿಟಾರಿನ ಮೆಟ್ಟುಗಳು ಸಮಪಾಲಿನವಾದ್ದರಿಂದ ಗಾಂಧಾರವು ೨೫೦ರಲ್ಲಿ ನಿಲ್ಲದೆ ೨೫೨ರ ಹತ್ತಿರ ನಿಲ್ಲುತ್ತದೆ. ಷಡ್ಜದಿಂದ ಅದಕ್ಕೂ ಅದರಿಂದ ಪಂಚಮಕ್ಕೂ ಇರುವ ವ್ಯತ್ಯಾಸಗಳು ಒಂದಕ್ಕೊಂದು ಹೊಂದದೆ ನಾದ ಕದಡುತ್ತದೆ. ಪಂಚಮದಲ್ಲಿ ಮಾತ್ರ ತಪ್ಪು ಅತ್ಯಲ್ಪ. ಆದ್ದರಿಂದಲೇ ಹೆವಿ ಮೆಟಲ್ ವಾದಕರು ಗಾಂಧಾರವನ್ನು ಕೈಬಿಟ್ಟು ಷಡ್ಜಪಂಚಮಗಳನ್ನಷ್ಟೇ ಜೊತೆಯಾಗಿ ನುಡಿಸುತ್ತಾರೆ.

ಷಡ್ಜಪಂಚಮಗಳೆಂದೊಡನೆ ನಮ್ಮ ಓದುಗರಿಗೆ ತಂಬೂರಿಯ ನೆನಪಾಗದಿರದು. ತಂಬೂರಿಯ ಕುದುರೆಯ ಮೇಲೆ ತಂತಿಯ ಕೆಳಗೆ ನೂಲೆಳೆಯನ್ನು ಸರಿಸಿ ಝೇಂಕಾರವನ್ನು ಹೊರಡಿಸುವುದೂ ಮೇಲ್ಸ್ವರಗಳನ್ನು ಹೆಚ್ಚಿಸುವ ಒಂದು ಉಪಾಯವೇ. ಹಿಂದುಸ್ಥಾನಿಯವರು ಇದನ್ನು ಜವಾರಿ ಎನ್ನುತ್ತಾರೆ. ನಮ್ಮ ಸೀಮೆಯ ಮಾತಿನಲ್ಲಿ ಜವಾರಿ ಎಂದರೆ ನೆಲದ ತಳಿಯದು, ನಾಟಿಯದು. ಎರಡು ಶಬ್ದಗಳಿಗೆ ನಂಟಿದೆಯೆಂದು ಹೇಳುವುದು ನಮ್ಮ ಉದ್ದೇಶವಲ್ಲ, ಕಿವಿಗೆ ಸೊಗಸಾದ ಹೊಂದಿಕೆ ಅಷ್ಟೆ. ಇಷ್ಟು ಮಾತ್ರ ನಿಜ: ಸ್ವರಮೇಳಗಳನ್ನು ಬದಲಾಯಿಸುತ್ತ ಸಾಗುವ ಪಾಶ್ಚಾತ್ಯ ಭಾವಗೀತಕ್ಕಿಂತ, ಒಂದೇ ಷಡ್ಜದ ಮೇಲೆ ಊರಿ ನಿಂತು ಒಂದು ಸ್ವರಗುಚ್ಛವನ್ನು ಮತ್ತೆ ಮತ್ತೆ ನುಡಿಸುವ ರಾಕ್ ಮತ್ತು ಮೆಟಲ್ ಶೈಲಿಗಳು ಏಕತಾರಿಯ ಪದಕ್ಕೆ ಹತ್ತಿರದವು. ಭಾರತೀಯ ಗಾಯನವು ಈ ಶೈಲಿಯೊಡನೆ ಅಷ್ಟು ಸುಲಭವಾಗಿ ಕೂಡಿದುದಕ್ಕೆ ಫ್ಯಾಷನ್ನಿಗಿಂತ ಆಳವಾದ ಕಾರಣವಿದೆ.

ಕರ್ನಾಟಕದಲ್ಲಿ ಈ ಸಂಗೀತದ ನೆಲೆ ಬೆಂಗಳೂರು. ೧೯೯೮ರಲ್ಲಿ ಕೂಡಿದ ಕ್ರಿಪ್ಟೋಸ್ ಎಂಬ ಹೆವಿ ಮೆಟಲ್ ಮೇಳ ಯೂರೋಪಿನಲ್ಲಿಯೂ ಹೆಸರು ಗಳಿಸಿತು. ಅರಮನೆ ಮೈದಾನದಲ್ಲಿ ೨೦೦೭ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಐರನ್ ಮೇಡನ್ ಮೇಳವೂ ೨೦೧೧ರ ಅಕ್ಟೋಬರಿನಲ್ಲಿ ಅಮೆರಿಕದ ಮೆಟಾಲಿಕವೂ ಹಾಡಿದವು. ಅದೇ ಮೈದಾನದಲ್ಲಿ ೨೦೦೫ರಲ್ಲಿ ಸಿ. ಅಶ್ವತ್ಥರು ‘ಕನ್ನಡವೇ ಸತ್ಯ’ ಎಂಬ ಬೃಹತ್ ಗಾಯನಸಭೆಯನ್ನು ನಡೆಸಿದ್ದರೆಂಬುದನ್ನು ಮರೆಯಬಾರದು. ಲಕ್ಷೋಪಾದಿಯ ಜನ ಒಂದೆಡೆ ನೆರೆದು ಪಲ್ಲವಿಗೆ ದನಿಗೂಡಿಸುವ ಅನುಭವ ಕನ್ನಡಿಗರಿಗೆ ರಾಕ್ ಮೇಳಗಳಿಂದಲೇ ಬರಬೇಕಾಗಿರಲಿಲ್ಲ. ಕರ್ನಾಟಕ ಸಂಗೀತವನ್ನೂ ಗಡುಸಾದ ಗಿಟಾರನ್ನೂ ಬೆಸೆಯುವ ಪ್ರಯತ್ನಗಳು ಮುಂದೆ ಬಂದವು. ಅಗಮ್ ಮೇಳದ ಮೊದಲ ಸಂಪುಟ ೨೦೧೨ರದು. ಪ್ರಾಜೆಕ್ಟ್ ಮಿಶ್ರಮ್ ಎಂಬ ಮೇಳ ೨೦೨೧ರಲ್ಲಿ ಹೊರತಂದ ‘ಮೆಸೊ’ ಎಂಬ ಸಂಪುಟದಲ್ಲಿ ರಾಗತಾಳಗಳ ಲೆಕ್ಕಾಚಾರವು ಮೆಟಲ್‌ನ ಜಟಿಲವಾದ ಲಯಗಳೊಡನೆ ಕೂಡಿದೆ. ಇವು ವಿದ್ವತ್ತಿನ ಕಡೆಗೆ ಒಲಿದ ಬೆರಕೆಗಳು. ನಮ್ಮ ಸೀಮೆಯ ಪದಕ್ಕೆ ಹತ್ತಿರ ಬಂದದ್ದು ರಘು ದೀಕ್ಷಿತರ ಸಂಪುಟವೇ.

ಇಲ್ಲೊಂದು ಪಕ್ಕದ ಮಾತು. ಗಿಟಾರು ಗಂಗಾವತಿ ತಾಲ್ಲೂಕಿಗೆ ಬೆಂಗಳೂರಿನಿಂದಲೇ ಬರಬೇಕಾಗಿರಲಿಲ್ಲ. ಹಂಪಿಯ ಎದುರಿನ ದಡದಲ್ಲಿರುವ ವಿರೂಪಾಪುರ ಗಡ್ಡಿಯಲ್ಲಿ ಪರದೇಶಗಳ ತರುಣರು ವರ್ಷಗಟ್ಟಲೆ ಬಂದು ತಂಗುತ್ತಿದ್ದರು. ಅಲ್ಲಿಯ ವಸತಿಗೃಹಗಳನ್ನು ೨೦೨೦ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ತರುವಾಯ ಕೆಡವಲಾಯಿತು. ಗಿಟಾರೂ ಏಕತಾರಿಯೂ ಒಂದೇ ಹೊಳೆಯ ದಂಡೆಯಲ್ಲಿ ಅಷ್ಟು ಕಾಲ ಇದ್ದರೂ ಅವೆರಡನ್ನೂ ಕೂಡಿಸಿದ ಹಾಡು ಅಲ್ಲಿ ಹುಟ್ಟಿ ನಾಡಿಗೆ ಹರಡಲಿಲ್ಲ. ನೆರೆಹೊರೆಯಾದ ಮಾತ್ರಕ್ಕೆ ಬೆರಕೆಯಾಗುವುದಿಲ್ಲ. ಎರಡು ಕಡೆಯ ಭಾಷೆಯನ್ನೂ ಬಲ್ಲ ಒಬ್ಬ ಹಾಡುಗಾರ ಬೇಕಾಗುತ್ತದೆ.

ಅಂತಹ ಹಾಡುಗಾರರು ರಘು ದೀಕ್ಷಿತರು. ಮೈಸೂರಿನಲ್ಲಿ ಬೆಳೆದು, ಭರತನಾಟ್ಯವನ್ನು ಕಲಿತು, ಸೂಕ್ಷ್ಮಜೀವಿಶಾಸ್ತ್ರವನ್ನು ಓದಿ, ೧೯೯೦ರ ದಶಕದ ಕೊನೆಯಲ್ಲಿ ಅಂತರಾಗ್ನಿ ಎಂಬ ಮೇಳವನ್ನು ಕಟ್ಟಿದರು. ಅವರದೇ ಹೆಸರನ್ನು ಹೊತ್ತ ಮೊದಲ ಸಂಪುಟವನ್ನು ಮುಂಬಯಿಯ ಚಲನಚಿತ್ರಸಂಗೀತಗಾರರಾದ ವಿಶಾಲ್ ಮತ್ತು ಶೇಖರ್ ತಮ್ಮ ಸಂಸ್ಥೆಯಿಂದ ೨೦೦೮ರಲ್ಲಿ ಪ್ರಕಟಿಸಿದರು. ಕನ್ನಡದ ಜೊತೆಗೆ ಹಿಂದಿ, ಇಂಗ್ಲಿಷ್ ಹಾಡುಗಳೂ ಅದರಲ್ಲಿವೆ. ಕನ್ನಡದವೆರಡೂ ಶರೀಫರವು: ‘ಗುಡುಗುಡಿಯ ಸೇದಿ ನೋಡೋ’ ಮತ್ತು ‘ಸೋರುತಿಹುದು ಮನಿಯ ಮಾಳಿಗಿ’. ೨೦೧೦ರಲ್ಲಿ ಮೇಳವು ಬಿ.ಬಿ.ಸಿ.ಯ ಪ್ರಸಿದ್ಧ ಸಂಗೀತಕಾರ್ಯಕ್ರಮವೊಂದರಲ್ಲಿ ಪಂಚೆಯುಟ್ಟು ಗೆಜ್ಜೆ ಕಟ್ಟಿ ಹಾಡಿದ ಮೇಲೆ ಸಂಪುಟ ಹೊರನಾಡುಗಳಲ್ಲಿಯೂ ಮಾರಾಟವಾಯಿತು. ಇದನ್ನು ಹೆವಿ ಮೆಟಲ್ ಎಂದು ಕರೆಯುವುದು ಸರಿಯಲ್ಲ. ಜಾನಪದದ ಮಣ್ಣು ಹತ್ತಿದ ರಾಕ್ ಇದು. ಆದರೂ ಒಂದೇ ಷಡ್ಜದ ಮೇಲೆ ಸ್ವರಗುಚ್ಛವನ್ನು ಕಟ್ಟಿ ಪಲ್ಲವಿಯನ್ನು ಮೊರೆಯಿಸುವ ವಿಧಾನದಲ್ಲಿ ಎರಡಕ್ಕೂ ಒಂದೇ ಬೇರು.

ಇನ್ನು ಪದದ ಕಡೆಗೆ ಬರೋಣ. ಶರೀಫರು ೧೮೧೯ರಿಂದ ೧೮೮೯ರವರೆಗೆ ಬಾಳಿದವರು. ಮುಸಲ್ಮಾನ ಮನೆತನದಲ್ಲಿ ಹುಟ್ಟಿ ಕಳಸದ ಗೋವಿಂದಭಟ್ಟರನ್ನು ಗುರುವಾಗಿ ಪಡೆದವರು. ಶಿಶುನಾಳವು ಕೊಪ್ಪಳ ಸೀಮೆಯ ಹೊರಗಿನದಾದರೂ ನುಡಿಯಲ್ಲಿ ದೂರದ್ದಲ್ಲ. ಕವಿರಾಜಮಾರ್ಗವು ಕನ್ನಡದ ತಿರುಳನ್ನು ಗುರುತಿಸುವಾಗ ಹೆಸರಿಸುವ ನಾಲ್ಕು ಸ್ಥಳಗಳಲ್ಲಿ ಕೊಪಣವೂ ಪುಲಿಗೆರೆಯೂ ಸೇರಿವೆ. ಕೊಪಣ ಇಂದಿನ ಕೊಪ್ಪಳ, ಪುಲಿಗೆರೆ ಶಿಶುನಾಳಕ್ಕೆ ಸಮೀಪದ ಲಕ್ಷ್ಮೇಶ್ವರ. ಮನೆಯನ್ನು ಮನಿ ಎನ್ನುವ, ಮಾಳಿಗೆಯನ್ನು ಮಾಳಿಗಿ ಎನ್ನುವ ಬಾಯಿ ಎರಡೂ ಕಡೆ ಒಂದೇ. ಯಲಬುರ್ಗಾದ ಹುಡುಗನಿಗೆ ಶರೀಫರ ಭಾಷೆಯನ್ನು ಕಲಿಸಬೇಕಾಗಿಲ್ಲ. ಮೈಸೂರು ಕಡೆಯ ಹುಡುಗನಿಗೆ ಕಲಿಸಬೇಕು.

ಬೆರಕೆಯನ್ನು ಕಂಡು ಮುಖ ಸಿಂಡರಿಸುವವರು ನಮ್ಮ ಸೀಮೆಯ ಭಜನೆಯನ್ನೇ ಒಮ್ಮೆ ದಿಟ್ಟಿಸಿ ನೋಡಬೇಕು. ೧೯೪೮ರವರೆಗೆ ಈ ತಾಲ್ಲೂಕುಗಳು ನಿಜಾಮನ ರಾಜ್ಯಕ್ಕೆ ಸೇರಿದ್ದವು. ಉರ್ದು, ತೆಲುಗು, ಮರಾಠಿಗಳ ಧಾಟಿಗಳು ಕನ್ನಡದ ಬಗಲಲ್ಲೇ ಬೆಳೆದವು. ಮೊಹರಮ್ಮಿನಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ಕೂಡಿ ಹಲಿಗೆಯ ಪೆಟ್ಟಿಗೆ ಅಲಾಯಿ ಕುಣಿತ ಕುಣಿಯುತ್ತಾರೆ, ಕರ್ಬಲದ ಕಥೆಯನ್ನು ಕನ್ನಡದ ರಿವಾಯತ್ ಪದಗಳಲ್ಲಿ ಹಾಡುತ್ತಾರೆ. ತುಂಗಭದ್ರೆಯ ಎಡದಂಡೆ ಕಾಲುವೆ ಬಂದ ಮೇಲೆ ಗಂಗಾವತಿಯ ಸುತ್ತ ಆಂಧ್ರದ ರೈತರ ಕ್ಯಾಂಪುಗಳೆದ್ದವು. ಅವರೊಡನೆ ಅವರ ಹಾಡುಗಳೂ ಬಂದವು. ಎಲ್ಲಕ್ಕಿಂತ ಮಿಗಿಲಾಗಿ ಹಾರ್ಮೋನಿಯಮ್ಮಿನ ಉದಾಹರಣೆಯನ್ನು ನೋಡಿರಿ. ೧೮೪೦ರ ಸುಮಾರಿಗೆ ಪ್ಯಾರಿಸಿನಲ್ಲಿ ರೂಪುಗೊಂಡ ವಾದ್ಯವದು. ಕಲ್ಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ನುಡಿಸುವ ಕೈಪೆಟ್ಟಿಗೆಯನ್ನಾಗಿ ಮಾರ್ಪಡಿಸಿದರು. ಅದರಲ್ಲಿ ಗಮಕ ಬಾರದು, ಶ್ರುತಿಗಳು ನಿಲ್ಲವು ಎಂಬ ಕಾರಣಗಳಿಂದ ಆಕಾಶವಾಣಿಯು ೧೯೪೦ರಿಂದ ೧೯೭೧ರವರೆಗೆ ಅದಕ್ಕೆ ಬಹಿಷ್ಕಾರ ಹಾಕಿತ್ತು. ಇಂದು ಕುಷ್ಟಗಿಯ ಯಾವ ಭಜನಾಮೇಳದಲ್ಲಿಯೂ ಹಾರ್ಮೋನಿಯಮ್ಮನ್ನು ಪರಕೀಯವೆಂದು ಭಾವಿಸುವವರಿಲ್ಲ. ಅದಿಲ್ಲದೆ ಪದ ಏಳುವುದಿಲ್ಲವೆಂದೇ ಹೇಳುತ್ತಾರೆ. ಗಿಟಾರಿನ ಸಮಪಾಲು ಸ್ವರಗಳ ಮೇಲೆ ನಾವು ಹೊರಿಸುವ ತಪ್ಪನ್ನು ಈ ಪೆಟ್ಟಿಗೆ ಎಂದೋ ಮಾಡಿ ಕ್ಷಮೆ ಪಡೆದಾಗಿದೆ.

ಹಾಗಾದರೆ ಏನೂ ಬದಲಾಗಿಲ್ಲವೆ? ಬದಲಾಗಿದೆ, ಮತ್ತು ಆ ಬದಲಾವಣೆಯು ವಾದ್ಯಗಳಲ್ಲಿಲ್ಲ, ಪೆಟ್ಟು ಬೀಳುವ ಸ್ಥಳದಲ್ಲಿದೆ. ಭಜನೆಯ ಠೇಕಾ ಎಂಟು ಮಾತ್ರೆಗಳದು. ರಾಕ್ ಸಂಗೀತದ ನಾಲ್ಕು ಎಣಿಕೆಯ ಆವರ್ತವನ್ನು ಇಮ್ಮಡಿಸಿದರೆ ಎಂಟೇ ಆಗುತ್ತದೆ. ಆದ್ದರಿಂದ ಪದವನ್ನು ಎತ್ತಿ ಅದರೊಳಗಿಡುವುದು ಸುಲಭ. ಆದರೆ ಭಜನೆಯಲ್ಲಿ ತಾಳದ ಭಾರ ಆವರ್ತದ ಮೊದಲಿಗೆ ಬೀಳುತ್ತದೆ. ರಾಕ್‌ನಲ್ಲಿ ಸ್ನೇರ್ ಡ್ರಮ್ಮಿನ ಚಟಾರೆಂಬ ಪೆಟ್ಟು ಎರಡನೆಯ ಮತ್ತು ನಾಲ್ಕನೆಯ ಎಣಿಕೆಗಳ ಮೇಲೆ ಬೀಳುತ್ತದೆ. ಕನ್ನಡದ ಮಾತಿನ ಒತ್ತು ಪದದ ಆದಿಯಲ್ಲಿ. ನಮ್ಮ ಹಳೆಯ ಪದ್ಯದ ಪ್ರಾಸವೂ ಸಾಲಿನ ಎರಡನೆಯ ಅಕ್ಷರದಲ್ಲಿ, ಅಂದರೆ ತಲೆಯ ಹತ್ತಿರ. ಆದಿಪ್ರಾಸದ ಸಾಲನ್ನು ಹಾಡುವವನು ಮೊದಲ ಹೆಜ್ಜೆಯಲ್ಲೇ ನೆಲವನ್ನು ಒದ್ದು ಮುಂದೆ ಹೋಗುತ್ತಾನೆ. ಹಿಂದಿನೆಣಿಕೆಗೆ ಪೆಟ್ಟು ಕೊಡುವ ಸಂಗೀತದಲ್ಲಿ ಅದೇ ಸಾಲಿನ ಕೊನೆಯನ್ನು ಎಳೆಯುವ, ಪ್ರತ್ಯಯವನ್ನು ಮೆರೆಯಿಸುವ ಪ್ರಲೋಭನೆ ಹೆಚ್ಚು. ರಘು ದೀಕ್ಷಿತರು ಈ ಪದಗಳಿಗೆ ಅಶ್ವತ್ಥರ ಧಾಟಿಯನ್ನು ಇಟ್ಟುಕೊಳ್ಳದೆ ಹೊಸ ಧಾಟಿಯನ್ನು ಕಟ್ಟಿದ್ದಾರೆ. ಒಟ್ಟಿನಲ್ಲಿ ಮಾತು ಮುರಿಯದಂತೆ ನೋಡಿಕೊಂಡಿದ್ದಾರೆಂದೇ ನಮ್ಮ ತೀರ್ಮಾನ. ಕಾಲೇಜಿನ ಉತ್ಸವಗಳಲ್ಲಿ ಅವರನ್ನು ಅನುಕರಿಸುವವರ ವಿಷಯದಲ್ಲಿ ಹೀಗೆ ಹೇಳಲು ನಮಗೆ ಧೈರ್ಯವಿಲ್ಲ. ಛಂದಸ್ಸನ್ನು ಪಾಠಮಾಡುವ ಅಧ್ಯಾಪಕರು ಒಂದು ಪದವನ್ನು ಕೈತಾಳದಲ್ಲಿ ಎರಡು ಬಗೆಯಾಗಿ ಹೇಳಿಸಿದರೆ, ಪುಸ್ತಕದ ಗಣವಿಭಾಗದಿಂದ ತಿಳಿಯದ ಸಂಗತಿ ಐದು ಮಿನಿಟುಗಳಲ್ಲಿ ತಿಳಿಯುತ್ತದೆ.

ಬೆರಕೆಯ ಇನ್ನೊಂದು ದಾರಿಯನ್ನು ತೋರಿಸುವುದಕ್ಕಾಗಿ ಬ್ರೆಜಿಲ್ ದೇಶಕ್ಕೆ ಹೋಗಬೇಕಾಗಿದೆ. ಅಲ್ಲಿಯ ಸೆಪುಲ್ತುರಾ ಎಂಬ ಹೆವಿ ಮೆಟಲ್ ಮೇಳ ೧೯೯೬ರಲ್ಲಿ ‘ರೂಟ್ಸ್’ ಎಂಬ ಸಂಪುಟವನ್ನು ಪ್ರಕಟಿಸಿತು. ಅದಕ್ಕಾಗಿ ಮೇಳದವರು ಮಾತೊ ಗ್ರೊಸ್ಸೊ ಪ್ರಾಂತದ ಶವಾಂತೆ ಎಂಬ ಮೂಲನಿವಾಸಿಗಳ ಹಳ್ಳಿಗೆ ಹೋಗಿ ಅವರೊಡನೆ ಕುಳಿತು ಧ್ವನಿಮುದ್ರಣ ಮಾಡಿಕೊಂಡರು. ಬಾಹಿಯ ಪ್ರಾಂತದ ತಾಳವಾದ್ಯಗಾರ ಕಾರ್ಲಿನ್ಯೋಸ್ ಬ್ರೌನನನ್ನೂ ಕರೆಸಿದರು. ಶವಾಂತೆಯರ ಹಾಡನ್ನು ಗಡುಸಾದ ಗಿಟಾರಿನೊಳಗೆ ಮುಳುಗಿಸದೆ, ಒಂದು ಹಾಡಿನಲ್ಲಿ ವಿದ್ಯುತ್ತಿಲ್ಲದ ಗಿಟಾರನ್ನು ಹಿಂದಿಟ್ಟು ಅವರ ದನಿಯನ್ನು ಮುಂದೆ ನಿಲ್ಲಿಸಿದರು. ಅವರ ಹೆಸರನ್ನೂ ಸಂಪುಟದಲ್ಲಿ ಹೇಳಿದರು. ಗಮನಿಸಬೇಕಾದ ಭೇದವಿದು: ಸೆಪುಲ್ತುರಾದವರು ನೆಲದ ತಮಟೆಯನ್ನೂ ಗುಂಪಿನ ಕೊರಳನ್ನೂ ತೆಗೆದುಕೊಂಡು ಮಾತನ್ನು ಬಹುಮಟ್ಟಿಗೆ ತಾವೇ ಬರೆದುಕೊಂಡರು, ರಘು ದೀಕ್ಷಿತರು ಮಾತನ್ನು ತೆಗೆದುಕೊಂಡು ತಾಳದ ಮುಖ್ಯಭಾರವನ್ನು ಡ್ರಮ್ ಸೆಟ್ಟಿಗೆ ಹೊರಿಸಿದರು. ನಮ್ಮ ಸೀಮೆಯಲ್ಲಿ ಭಾರವಾದ ನಾದಕ್ಕೆ ಬಡತನವಿಲ್ಲ. ಬೆಂಕಿಗೆ ಹಿಡಿದು ಕಾಯಿಸಿ ಬಿಗಿಗೊಳಿಸಿದ ಹಲಿಗೆ, ಹಾಲುಮತದವರ ಡೊಳ್ಳು, ಕರಡಿ ಮಜಲಿನ ದೊಡ್ಡ ತಾಳಗಳೂ ಶಹನಾಯಿಯೂ ಕೂಡಿದ ಮೊಳಗು ಯಾವ ಮೆಟಲ್ ಮೇಳಕ್ಕೂ ಸೋಲುವುದಲ್ಲ. ಒಂದು ಮಾತನ್ನು ಕಟುವಾಗಿಯೇ ಹೇಳಬೇಕು: ಮಜಲಿನವರ ಹೊಟ್ಟೆಯ ಮೇಲೆ ಹೊಡೆದದ್ದು ರಾಕ್ ಸಂಪುಟವಲ್ಲ, ಮೆರವಣಿಗೆಗೆ ಬಾಡಿಗೆಗೆ ತರುವ ಡಿ.ಜೆ. ಪೆಟ್ಟಿಗೆಗಳು. ಮೊದಲನೆಯದರಲ್ಲಿ ಮನುಷ್ಯರು ನುಡಿಸುತ್ತಾರೆ. ಎರಡನೆಯದರಲ್ಲಿ ಒಬ್ಬನು ಗುಂಡಿ ಒತ್ತುತ್ತಾನೆ.

ಗುಂಪಿನ ವಿಷಯವೂ ಹಣದ ವಿಷಯವೂ ಒಂದಕ್ಕೊಂದು ಹೆಣೆದುಕೊಂಡಿವೆ. ಭಜನೆಯಲ್ಲಿ ಮುಮ್ಮೇಳದವನು ಎತ್ತಿದ ಸಾಲನ್ನು ಹಿಮ್ಮೇಳ ಹಿಡಿಯುತ್ತದೆ. ಕೂತವನು ಯಾವನಾದರೂ ದನಿಗೂಡಿಸಬಹುದು. ನುಡಿಯ ನಡುವೆ ನಿಲ್ಲಿಸಿ ಹಿರಿಯನೊಬ್ಬನು ಒಳಗುಟ್ಟನ್ನು ಬಿಡಿಸಬಹುದು. ಸಂಪುಟದಲ್ಲಿ ಹಾಡು ಕೆಲವೇ ಮಿನಿಟುಗಳಲ್ಲಿ ಮುಗಿಯುತ್ತದೆ, ಪ್ರತಿಸಲವೂ ಒಂದೇ ರೀತಿಯಾಗಿ ಮುಗಿಯುತ್ತದೆ. ಕಾಯಿದೆಯ ದೃಷ್ಟಿಯೂ ಇದಕ್ಕೆ ತಕ್ಕಂತಿದೆ. ೧೯೫೭ರ ಕೃತಿಸ್ವಾಮ್ಯದ ಕಾಯಿದೆಯ ಪ್ರಕಾರ ಕವಿಯ ಹಕ್ಕು ಅವನು ತೀರಿಕೊಂಡು ೬೦ ವರ್ಷಗಳಾದ ಮೇಲೆ ಮುಗಿಯುತ್ತದೆ. ಶರೀಫರ ಪದ ಎಲ್ಲರದು. ಹೊಸ ಧಾಟಿಗೂ ಧ್ವನಿಮುದ್ರಣಕ್ಕೂ ಮಾತ್ರ ಒಡೆಯರುಂಟು. ನೂರು ವರ್ಷಗಳಿಂದ ಪದವನ್ನು ಬಾಯಲ್ಲಿ ಉಳಿಸಿಕೊಂಡು ಬಂದ ಊರಿನ ಭಜನೆಯವರಿಗೆ ಕಾಯಿದೆಯಲ್ಲಿ ಹೆಸರಿಲ್ಲ. ಹಾಡುಗಾರರನ್ನು ದೂಷಿಸುವುದಕ್ಕೆ ಇದನ್ನು ಹೇಳುತ್ತಿಲ್ಲ, ಕಾಯಿದೆ ಇರುವುದೇ ಹಾಗೆ. ಆದರೆ ಶವಾಂತೆಯರ ಹೆಸರನ್ನು ಸಂಪುಟದಲ್ಲಿ ಬರೆದಂತೆ, ಇಂಥ ಊರಿನ ಇಂಥ ಮೇಳದಿಂದ ಕೇಳಿ ಬರೆದುಕೊಂಡ ಪಾಠವೆಂದು ಒಂದು ಸಾಲನ್ನು ಹಾಕುವುದಕ್ಕೆ ಯಾವ ಕಾಯಿದೆಯೂ ಅಡ್ಡಬರುವುದಿಲ್ಲ. ಪದಗಳನ್ನು ಸಂಗ್ರಹಿಸಿ ಪ್ರಕಟಿಸುವ ನಾವು ವಿದ್ವಾಂಸರೂ ಈ ಸಾಲನ್ನು ಎಷ್ಟು ಸಲ ಹಾಕುತ್ತೇವೆಂಬುದನ್ನು ಕೇಳಿಕೊಳ್ಳಬೇಕು.

ಕೊನೆಯದಾಗಿ ಅರ್ಥ. ಗುಡುಗುಡಿಯೆಂದರೆ ಹುಕ್ಕ, ನೀರಿನಲ್ಲಿ ಹೊಗೆ ಗುಳುಗುಳಿಸುವ ಸದ್ದೇ ಅದರ ಹೆಸರು. ಪದದಲ್ಲಿ ಅದು ಒಡಲಿಗೂ ಉಸಿರಿಗೂ ಸಾಧನೆಗೂ ರೂಪಕ. ಅಲ್ಲಮನ ಬೆಡಗಿನ ವಚನಗಳಿಂದ ಹರಿದುಬಂದ ಮರೆಮಾತಿನ ಸಂಪ್ರದಾಯವಿದು: ಹೊರಗಿನ ಕಿವಿಗೆ ಒಂದು, ಒಳಗಿನ ಕಿವಿಗೆ ಒಂದು. ತರುಣರ ಸಭೆಯಲ್ಲಿ ಈ ಪದ ಬಂದಾಗ ಏಳುವ ಕೇಕೆ ಬಹುಪಾಲು ಹೊರಗಿನ ಕಿವಿಯದು. ಇದರಿಂದ ಬೇಸರಪಡುವ ಕಾರಣವಿಲ್ಲ. ಬೆಡಗಿಗೆ ಮೊದಲು ಬಲೆಯಾಗಿ ಹಿಡಿಯುವ ಸ್ವಭಾವವಿದೆ. ಬಿಡಿಸುವವರು ಮಾತ್ರ ಹತ್ತಿರ ಇರಬೇಕು. ಧ್ವನಿಮುದ್ರಿಕೆಯಲ್ಲಿ ಇಲ್ಲದವರು ಅವರೇ. ತರಗತಿಯಲ್ಲಿ ಇರಬಹುದಾದವರೂ ಅವರೇ.

ಮಾಳಿಗೆಯ ಪದದಲ್ಲಿ ತೊಡಕು ಬೇರೆ ಬಗೆಯದು. ದಕ್ಷಿಣದ ಪಟ್ಟಣಗಳಲ್ಲಿ ಮಾಳಿಗೆಯೆಂದರೆ ಮೇಲಂತಸ್ತು. ಅಲ್ಲಿಯ ಕೇಳುಗನಿಗೆ ಪದದ ಮನೆ ಎರಡಂತಸ್ತಿನದಾಗಿ, ಸೋರಿಕೆ ಯಾವುದೋ ಕೊಳವೆಯದಾಗಿ ತೋರಬಹುದು. ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ಮಾಳಿಗೆಯೆಂದರೆ ಚಪ್ಪಟೆಯಾದ ಮಣ್ಣಿನ ಛಾವಣಿ. ತೊಲೆಜಂತೆಗಳ ಮೇಲೆ ಹಲಗೆಯನ್ನೋ ಕಟ್ಟಿಗೆಯ ಸೀಳುಗಳನ್ನೋ ಹೊಂದಿಸಿ, ಸೊಪ್ಪು ಹಾಸಿ, ಮಣ್ಣನ್ನು ಹೇರಿ ಬಡಿದು, ಮೇಲೆ ಸವಳುಮಣ್ಣನ್ನು ಹರಡುತ್ತಾರೆ. ಸವಳುಮಣ್ಣು ನೆನೆದಾಗ ಬಿಗಿದುಕೊಂಡು ನೀರನ್ನು ಒಳಗೆ ಬಿಡುವುದಿಲ್ಲ. ಆದರೆ ಬೇಸಗೆಯಲ್ಲಿ ಅದು ಬಿರಿಯುತ್ತದೆ, ಇಲಿ ಹೆಗ್ಗಣಗಳು ತೋಡುತ್ತವೆ, ಹುಲ್ಲು ಬೇರುಬಿಡುತ್ತದೆ. ಮುಂಗಾರಿಗೆ ಮೊದಲು ಮನೆಯೊಡೆಯನು ಹತ್ತಿ ಹೊಸಮಣ್ಣು ಹಾಕಲೇಬೇಕು. ಆ ವರ್ಷ ಮೈಗಳ್ಳನಾದರೆ ಮಳೆಯ ರಾತ್ರಿ ಕತ್ತಲಲ್ಲಿ ಮೇಲೇರಿ ಏನನ್ನೂ ಮಾಡಲಾರನು. ಒಡಲನ್ನು ಮನೆಗೆ, ಅಜ್ಞಾನವನ್ನು ಸೋರಿಕೆಗೆ ಹೋಲಿಸಿದ ಪದದ ಬಿರುಸೆಲ್ಲ ಈ ವಾರ್ಷಿಕವಾದ ಕರ್ತವ್ಯದಲ್ಲಿದೆ. ಛಾವಣಿ ಕೆಟ್ಟದ್ದು ಮಳೆಯಿಂದಲ್ಲ, ಬೇಸಗೆಯಲ್ಲಿ ಹತ್ತದೆ ಇದ್ದುದರಿಂದ. ಕಾಲುವೆಯ ನೀರು ಹರಿದ ಗಂಗಾವತಿಯ ಕಡೆ ಸಿಮೆಂಟಿನ ಮನೆಗಳೇ ಹೆಚ್ಚಾಗಿರುವುದರಿಂದ ಅಲ್ಲಿಯ ವಿದ್ಯಾರ್ಥಿಗಳಿಗೂ ಇದನ್ನು ಈಗ ವಿವರಿಸಬೇಕಾಗಿದೆ.

ಮಣ್ಣಿನ ಮಾಳಿಗೆಯಲ್ಲಿ ಇನ್ನೊಂದು ಸಂಗತಿಯುಂಟು. ನೀರು ಒಮ್ಮೆಲೆ ಸುರಿಯುವುದಿಲ್ಲ. ಮಣ್ಣು ಮೊದಲು ಕುಡಿಯುತ್ತದೆ, ತುಂಬಿದ ಮೇಲೆ ಹನಿಯತೊಡಗುತ್ತದೆ. ಹೊರಗೆ ಮಳೆ ನಿಂತು ಬಿಸಿಲು ಬಿದ್ದ ಮೇಲೂ ಒಳಗೆ ಪಾತ್ರೆಯಿಟ್ಟಲ್ಲಿ ಟಪಟಪನೆ ಬೀಳುತ್ತಲೇ ಇರುತ್ತದೆ. ಶರೀಫರು ಸೋರಿತು ಎನ್ನದೆ, ಸೋರುವುದು ಎನ್ನದೆ, ನಡೆಯುತ್ತಲೇ ಇರುವ ವರ್ತಮಾನದ ರೂಪವನ್ನು ಆರಿಸಿದ್ದಕ್ಕೆ ಈ ಮನೆಯಲ್ಲಿ ಇದ್ದವರಿಗೆ ಬೇರೆ ಕಾರಣ ಬೇಕಾಗದು. ೨೦೦೮ರ ಸಂಪುಟದಲ್ಲಿ ವಾದ್ಯಗಳು ಒಂದೇ ಸ್ವರಗುಚ್ಛವನ್ನು ಬಿಡದೆ ಹಿಡಿದಿರುವಾಗ ಪಲ್ಲವಿ ಮರಳಿ ಮರಳಿ ಬಂದು ಬೀಳುತ್ತದೆ. ಅಷ್ಟರಮಟ್ಟಿಗೆ ಗಿಟಾರು ಆ ಕ್ರಿಯಾಪದವನ್ನು ಸರಿಯಾಗಿಯೇ ಕೇಳಿಸಿಕೊಂಡಿದೆ.